ಕುಮಾರ ಪರ್ವತ ಇಳಿದು ಬಂದ ಮೇಲೆ ತೊಡೆ, ಮೀನಖಂಡಗಳಲ್ಲಿ ತೀವ್ರ ನೋವು: ಏನು ಮಾಡಬೇಕು?

ಪ್ರಶ್ನೆ (ಬೆಂಗಳೂರಿನಿಂದ, ಮಂಗಳವಾರ ರಾತ್ರಿ)

ಎಲ್ಲರಿಗೂ ನಮಸ್ಕಾರ. ನನ್ನ ವಯಸ್ಸು 38. ದಿನಕ್ಕೆ ಒಂಬತ್ತು ಗಂಟೆ ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸ ನನ್ನದು. ಬೆಳಿಗ್ಗೆ ಮನೆಯ ಹತ್ತಿರದ ಉದ್ಯಾನದಲ್ಲಿ ಅರ್ಧ ಗಂಟೆ ನಡೆಯುವುದನ್ನು ಬಿಟ್ಟರೆ ಬೇರೆ ವ್ಯಾಯಾಮದ ಅಭ್ಯಾಸವಿಲ್ಲ. ಮೊನ್ನೆ ಭಾನುವಾರ ನಾಲ್ವರು ಸ್ನೇಹಿತರ ಜೊತೆ ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತಕ್ಕೆ ಹೋಗಿದ್ದೆ. ನಸುಕಿನಲ್ಲೇ ಹೊರಟು, ಗಿರಿಗದ್ದೆ, ಕಲ್ಲು ಮಂಟಪ, ಶೇಷ ಪರ್ವತ ದಾಟಿ 1712 ಮೀಟರ್ ಎತ್ತರದ ತುದಿಯನ್ನು ಮಧ್ಯಾಹ್ನದ ಹೊತ್ತಿಗೆ ತಲುಪಿ, ಕತ್ತಲಾಗುವಷ್ಟರಲ್ಲಿ ಮತ್ತೆ ಕುಕ್ಕೆಗೆ ಇಳಿದೆವು. ಹತ್ತುವಾಗ ಏದುಸಿರು ಬಂದಿತೇ ಹೊರತು ಕಾಲು ನೋಯಲಿಲ್ಲ. ಇಳಿಯುವಾಗ, ಅದರಲ್ಲೂ ಗಿರಿಗದ್ದೆಯಿಂದ ಕೆಳಗೆ ಕಾಡಿನೊಳಗೆ ಬೇರು ಮತ್ತು ಕಲ್ಲುಗಳ ದಾರಿಯಲ್ಲಿ, ಮಂಡಿಯ ಮೇಲಿನ ಸ್ನಾಯುಗಳು ಪ್ರತಿ ಹೆಜ್ಜೆಗೂ ನಡುಗುತ್ತಿದ್ದವು. ಒಂದೆರಡು ಕಡೆ ಮಂಡಿ ಹಿಡಿತ ತಪ್ಪಿ ಕುಸಿದು ಕುಳಿತದ್ದೂ ಉಂಟು.

ಸೋಮವಾರ ಬೆಳಿಗ್ಗೆ ಸ್ವಲ್ಪ ಬಿಗಿತ ಬಿಟ್ಟರೆ ಹೆಚ್ಚೇನೂ ಅನ್ನಿಸಲಿಲ್ಲ, ಆಫೀಸಿಗೂ ಹೋಗಿ ಬಂದೆ. ಇವತ್ತು ಮಂಗಳವಾರ ಮಾತ್ರ ಎರಡೂ ತೊಡೆಗಳು ಕಂಬದಂತೆ ಹಿಡಿದುಕೊಂಡಿವೆ. ಮೆಟ್ಟಿಲು ಇಳಿಯಬೇಕಾದರೆ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯುತ್ತಿದ್ದೇನೆ. ನಮ್ಮ ಮನೆಯಲ್ಲಿ ನೆಲಮಟ್ಟದ ಶೌಚಾಲಯ. ಅಲ್ಲಿ ಕೂರುವುದು ಹೇಗೋ ಆಗುತ್ತದೆ, ಏಳಬೇಕಾದರೆ ನಲ್ಲಿಯ ಕೊಳವೆಯನ್ನು ಎರಡೂ ಕೈಗಳಿಂದ ಹಿಡಿದು ಎಳೆದುಕೊಳ್ಳಬೇಕು. ಮೀನಖಂಡವನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೂ ಜೀವ ಹೋದಂತಾಗುತ್ತದೆ.

ಒಬ್ಬೊಬ್ಬರು ಒಂದೊಂದು ಸಲಹೆ ಕೊಡುತ್ತಿದ್ದಾರೆ. ಅಮ್ಮ ಹರಳೆಣ್ಣೆ ಹಚ್ಚಿ ಬಿಸಿನೀರು ಹೊಯ್ದುಕೊಳ್ಳಲು ಹೇಳುತ್ತಾರೆ. ಆಫೀಸಿನ ಗೆಳೆಯರೊಬ್ಬರು ಐಸ್ ನೀರಿನಲ್ಲಿ ಕಾಲಿಡಬೇಕು ಎನ್ನುತ್ತಾರೆ. ಔಷಧಿ ಅಂಗಡಿಯವರು ನೋವಿನ ಮಾತ್ರೆಯ ಪಟ್ಟಿಯೊಂದನ್ನು ಕೊಟ್ಟು ದಿನಕ್ಕೆ ಮೂರು ತೆಗೆದುಕೊಳ್ಳಿ ಎಂದಿದ್ದಾರೆ, ನಾನಿನ್ನೂ ತೆಗೆದುಕೊಂಡಿಲ್ಲ. ಚಾರಣಕ್ಕೆ ಬಂದಿದ್ದ ಇನ್ನೊಬ್ಬರು ನಾಳೆಯೇ ಒಂದಿಷ್ಟು ಓಡಿದರೆ ನೋವು ಬಿಟ್ಟುಹೋಗುತ್ತದೆ ಎನ್ನುತ್ತಾರೆ. ಇವುಗಳಲ್ಲಿ ಯಾವುದನ್ನು ನಂಬಲಿ? ಎಷ್ಟು ದಿನ ಹೀಗಿರುತ್ತದೆ? ಇನ್ನೊಂದು ವಿಷಯವೂ ಇದೆ. ಇನ್ನು ಮೂರು ವಾರಕ್ಕೆ ಅಮ್ಮನ ಹರಕೆಯ ಪ್ರಕಾರ ಮೈಸೂರಿನ ಚಾಮುಂಡಿ ಬೆಟ್ಟವನ್ನು ಮೆಟ್ಟಿಲ ದಾರಿಯಲ್ಲಿ ಹತ್ತಬೇಕಾಗಿದೆ. ಆಗಲೂ ಹೀಗೇ ಆಗುತ್ತದೆಯೇ ಎಂಬ ಆತಂಕ ಕಾಡುತ್ತಿದೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.


ಉತ್ತರ 1 (ಮಂಗಳೂರಿನಿಂದ, ಹವ್ಯಾಸಿ ಓಟಗಾರ)

ಸರ್, ಹೆದರಬೇಡಿ. ನಾನು ಮೊದಲ ಬಾರಿ 21 ಕಿಲೋಮೀಟರ್ ಓಡಿದ ಮೇಲೆ ನನಗೂ ಹೀಗೆಯೇ ಆಗಿತ್ತು, ಐದನೆಯ ದಿನದ ಹೊತ್ತಿಗೆ ತಾನಾಗಿಯೇ ಇಳಿಯಿತು. ದುಡಿದ ಸ್ನಾಯುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಸೇರಿಕೊಂಡು ಹೀಗಾಗುತ್ತದೆ ಎಂದು ನಮ್ಮ ಬಳಗದಲ್ಲಿ ಹೇಳುತ್ತಾರೆ. ಆದ್ದರಿಂದ ಚೆನ್ನಾಗಿ ನೀರು ಕುಡಿಯಿರಿ, ನಿಂಬೆಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಕುಡಿಯಿರಿ, ಕಾಲುಗಳನ್ನು ದಿನಕ್ಕೆ ನಾಲ್ಕೈದು ಸಲ ಬಲವಾಗಿ ಎಳೆದು ಹಿಗ್ಗಿಸಿ. ನಾಳೆಯೇ ಓಡುವುದು ಮಾತ್ರ ಬೇಡ. ನಾನು ಮೂರನೆಯ ದಿನವೇ ಓಡಲು ಹೋಗಿ ಮಂಡಿಯ ಹೊರಬದಿಯಲ್ಲಿ ಹೊಸ ನೋವನ್ನು ತಂದುಕೊಂಡೆ, ಆ ನೋವು ಹೋಗಲು ಎರಡು ತಿಂಗಳು ಹಿಡಿಯಿತು. ಸಮತಟ್ಟಾದ ನೆಲದಲ್ಲಿ ನಿಧಾನವಾಗಿ ನಡೆಯುವುದು ಮಾತ್ರ ನನಗೆ ಪ್ರತಿ ಬಾರಿಯೂ ಹಿತವಾಗಿ ಪರಿಣಮಿಸಿದೆ.


ಉತ್ತರ 2 (ಧಾರವಾಡದಿಂದ, ಫಿಸಿಯೋಥೆರಪಿಸ್ಟ್)

ನಮಸ್ಕಾರ. ಹದಿನೈದು ವರ್ಷಗಳಿಂದ ಈ ವೃತ್ತಿಯಲ್ಲಿದ್ದೇನೆ. ಚಾರಣ ಮುಗಿಸಿ ಎರಡನೆಯ ದಿನ ಗೋಡೆ ಹಿಡಿದುಕೊಂಡು ಬರುವವರನ್ನು ಪ್ರತಿ ವರ್ಷವೂ ನೋಡುತ್ತೇನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ಬರಹದಲ್ಲಿಯೇ ಕಾರಣವೂ ಇದೆ. ಹತ್ತುವಾಗ ನೋಯದ ಕಾಲು ಇಳಿಯುವಾಗ ನಡುಗಿತು, ಮರುದಿನ ಸುಮ್ಮನಿದ್ದು ಅದರ ಮರುದಿನ ಹಿಡಿದುಕೊಂಡಿತು. ಬೆಟ್ಟ ಹತ್ತುವಾಗ ತೊಡೆಯ ಮುಂಭಾಗದ ಸ್ನಾಯು ಕುಗ್ಗುತ್ತಾ ದೇಹವನ್ನು ಮೇಲಕ್ಕೆ ಎತ್ತುತ್ತದೆ. ಅದಕ್ಕೆ ಹೆಚ್ಚು ಆಮ್ಲಜನಕ ಬೇಕು, ಹಾಗಾಗಿ ಎದೆ ಏರಿಳಿಯುತ್ತದೆ. ಇಳಿಯುವಾಗ ಅದೇ ಸ್ನಾಯು ಮಂಡಿ ಒಮ್ಮೆಲೇ ಮಡಚದಂತೆ ಬಿಗಿಹಿಡಿದು, ಬಿಗಿಹಿಡಿದಿರುವಾಗಲೇ ಉದ್ದವಾಗುತ್ತಾ, ದೇಹದ ಭಾರಕ್ಕೆ ಬ್ರೇಕಿನಂತೆ ಕೆಲಸ ಮಾಡುತ್ತದೆ. ಉಸಿರಿಗೆ ಇದು ಸುಲಭದ ಕೆಲಸ, ಸ್ನಾಯುವಿನ ಎಳೆಗಳಿಗೆ ಅತ್ಯಂತ ಕಷ್ಟದ ಕೆಲಸ. ಭಾರ ಹೊತ್ತಿರುವಾಗಲೇ ಎಳೆಯಲ್ಪಡುವ ಈ ಎಳೆಗಳ ಒಳರಚನೆ ಅಲ್ಲಲ್ಲಿ ಹರಿಯುತ್ತದೆ. ಹರಿದ ಜಾಗವನ್ನು ದುರಸ್ತಿ ಮಾಡಲು ದೇಹ ಅಲ್ಲಿಗೆ ದ್ರವವನ್ನೂ ಬಿಳಿ ರಕ್ತಕಣಗಳನ್ನೂ ಕಳುಹಿಸುತ್ತದೆ, ಸುತ್ತಲಿನ ನೋವಿನ ನರಗಳು ಸೂಕ್ಷ್ಮವಾಗುತ್ತವೆ. ಇದಕ್ಕೆಲ್ಲ ಸಮಯ ಹಿಡಿಯುವುದರಿಂದಲೇ ನೋವು ತಡವಾಗಿ ಶುರುವಾಗಿ 24ರಿಂದ 72 ಗಂಟೆಗಳ ನಡುವೆ ತುತ್ತತುದಿಗೆ ಹೋಗುತ್ತದೆ, ಅನಂತರ ಇಳಿಮುಖವಾಗಿ ಸಾಮಾನ್ಯವಾಗಿ ಐದರಿಂದ ಏಳು ದಿನಗಳಲ್ಲಿ ಹೋಗಿಬಿಡುತ್ತದೆ. ಕುಕ್ಕೆಯಿಂದ ತುದಿಗೆ ಸುಮಾರು ಒಂದೂವರೆ ಸಾವಿರ ಮೀಟರಿಗೂ ಮಿಕ್ಕ ಏರಿಕೆಯಿದೆ. ಅಷ್ಟೂ ಎತ್ತರವನ್ನು ನೀವು ಒಂದೇ ಅಪರಾಹ್ನದಲ್ಲಿ ತೊಡೆಯ ಬ್ರೇಕ್ ಹಿಡಿದೇ ಇಳಿದಿದ್ದೀರಿ.

ಮೇಲಿನ ಸಹೋದರರು ಬರೆದ ಲ್ಯಾಕ್ಟಿಕ್ ಆಮ್ಲದ ಮಾತು ಬಹಳ ಹಿಂದಿನಿಂದ ಪ್ರಚಾರದಲ್ಲಿದೆ, ಆದರೆ ಅದು ಸರಿಯಲ್ಲ. ವ್ಯಾಯಾಮ ನಿಲ್ಲಿಸಿದ ಒಂದು ಗಂಟೆಯ ಆಸುಪಾಸಿನಲ್ಲಿ ರಕ್ತದ ಲ್ಯಾಕ್ಟೇಟ್, ಅಂದರೆ ಆ ಆಮ್ಲದ ರಕ್ತದಲ್ಲಿರುವ ರೂಪ, ಮೊದಲಿನ ಮಟ್ಟಕ್ಕೆ ಬಂದಿರುತ್ತದೆ. ಭಾನುವಾರ ರಾತ್ರಿ ನೀವು ಊಟಕ್ಕೆ ಕೂರುವ ಮೊದಲೇ ಅದು ಹೋಗಿಯಾಗಿತ್ತು. ಇಂಥ ತಡವಾದ ನೋವು ಸ್ನಾಯುವಿನೊಳಗಿನ ಎಳೆಗಳು ಹರಿದುಹೋಗುವುದರಿಂದ ಬರುತ್ತದೆ ಎಂದು ಅಮೆರಿಕದ ಶರೀರವಿಜ್ಞಾನಿ ಥಿಯೊಡೋರ್ ಹಫ್ 1902ರಲ್ಲಿಯೇ ಬರೆದಿದ್ದರು. ಬೆಂಚಿನ ಮೇಲೆ ಸದಾ ಒಂದೇ ಕಾಲಿನಿಂದ ಹತ್ತಿ, ಸದಾ ಇನ್ನೊಂದೇ ಕಾಲಿನ ಆಧಾರದಿಂದ ಇಳಿಯುವಂತೆ ಮಾಡಿದ ಪ್ರಯೋಗಗಳಲ್ಲಿ, ಹತ್ತಿದ ಕಾಲಿನ ತೊಡೆ ಸುಮ್ಮನಿದ್ದು ಇಳಿಸಿದ ಕಾಲಿನ ತೊಡೆಯೇ ಎರಡನೆಯ ದಿನ ನೋಯುತ್ತದೆ. ಆಯಾಸವೇ ಕಾರಣವಾಗಿದ್ದರೆ ಹತ್ತಿದ ಕಾಲೇ ನೋಯಬೇಕಾಗಿತ್ತು. ಇಷ್ಟು ವಿವರಿಸಿದ್ದಕ್ಕೆ ಕಾರಣವಿದೆ: ಆಮ್ಲವನ್ನು ಹೊರಹಾಕಬೇಕು ಎಂದು ನಂಬಿದವರೇ ಮತ್ತೆ ಓಡಲು ಹೋಗಿ, ಬಲವಾಗಿ ಎಳೆದು ಹಿಗ್ಗಿಸಿ, ಹರಿದ ಎಳೆಯನ್ನು ಇನ್ನಷ್ಟು ಹರಿದುಕೊಳ್ಳುತ್ತಾರೆ.

ಈಗ ನಿಮ್ಮ ಪ್ರಶ್ನೆಗಳಿಗೆ ಬರುತ್ತೇನೆ. ಪೂರ್ತಿ ಮಲಗಿರಬೇಡಿ. ಗಂಟೆಗೊಮ್ಮೆ ಎದ್ದು, ಸಮತಟ್ಟಾದ ಜಾಗದಲ್ಲಿ ಐದು ನಿಮಿಷ ಆರಾಮವಾಗಿ ನಡೆದು, ಮತ್ತೆ ಕುಳಿತುಕೊಳ್ಳಿ. ಸಂಜೆ ಇಪ್ಪತ್ತು ನಿಮಿಷ ನಡೆಯಬಹುದು, ಸೈಕಲ್ ಇದ್ದರೆ ಹಗುರವಾಗಿ ತುಳಿಯಬಹುದು. ನಡೆದಷ್ಟು ಹೊತ್ತು ನೋವು ಕಡಿಮೆಯಾಗಿ, ಕುಳಿತ ಮೇಲೆ ಮತ್ತೆ ಬಿಗಿದುಕೊಂಡಂತೆ ಅನ್ನಿಸುತ್ತದೆ, ಅದು ಸಹಜ. ಹಿಗ್ಗಿಸುವ ವ್ಯಾಯಾಮವನ್ನು ಮೊದಲು ಮಾಡಿದರೂ ನಂತರ ಮಾಡಿದರೂ ಈ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಾಗುವುದಿಲ್ಲ ಎಂಬುದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ತಿಳಿದುಬಂದಿದೆ. ಹಿತವೆನ್ನಿಸುವಷ್ಟು ಮೆಲ್ಲಗೆ ಕಾಲು ಚಾಚುವುದಕ್ಕೆ ಅಡ್ಡಿಯಿಲ್ಲ, ಹಲ್ಲು ಕಚ್ಚಿ ಎಳೆಯುವುದು ಬೇಡ.

ತಾಯಿಯವರ ಸಲಹೆಯನ್ನು ನಾನು ಪೂರ್ಣ ಮನಸ್ಸಿನಿಂದ ಅನುಮೋದಿಸುತ್ತೇನೆ. ಈ ನೋವನ್ನು ಶಮನ ಮಾಡುವ ವಿಧಾನಗಳನ್ನು ಹೋಲಿಸಿದ ಅಧ್ಯಯನಗಳಲ್ಲಿ ಕೈಯಿಂದ ನೀವುವುದು ಮುಂದಿನ ಸಾಲಿನಲ್ಲಿದೆ. ಹರಳೆಣ್ಣೆಯೇ ಆಗಬೇಕೆಂದಿಲ್ಲ; ಎಳ್ಳೆಣ್ಣೆ, ಕೊಬ್ಬರಿ ಎಣ್ಣೆ ಯಾವುದಾದರೂ ಸರಿ, ಕೈ ಜಾರುವಂತಿದ್ದರೆ ಸಾಕು. ಪಾದದಿಂದ ಮೇಲಕ್ಕೆ, ಅಂಗೈಯಗಲ ಒತ್ತಿ, ಒಂದೊಂದು ಕಾಲಿಗೆ ಹತ್ತು ನಿಮಿಷ ನೀವಬೇಕು. ಹೆಬ್ಬೆರಳಿನಿಂದ ಚುಚ್ಚಿ ಒತ್ತುವುದು, ಮುಷ್ಟಿಯಿಂದ ಗುದ್ದುವುದು, ಮಕ್ಕಳನ್ನು ಕಾಲಿನ ಮೇಲೆ ನಡೆಸುವುದು ಬೇಡ. ಅನಂತರ ಬಚ್ಚಲಿನಲ್ಲಿ ಸೊಂಟದಿಂದ ಕೆಳಗೆ ಸಹಿಸುವಷ್ಟು ಬಿಸಿನೀರನ್ನು ಚೊಂಬಿನಿಂದ ನಿಧಾನವಾಗಿ ಹೊಯ್ದುಕೊಳ್ಳಿ. ಶಾಖದಿಂದ ಬಿಗಿತ ಸಡಿಲವಾಗುತ್ತದೆ, ರಾತ್ರಿ ನಿದ್ದೆಯೂ ಬರುತ್ತದೆ. ನೀರಿಗೆ ಎಪ್ಸಮ್ ಉಪ್ಪು ಹಾಕುವವರಿದ್ದಾರೆ. ಆ ಉಪ್ಪು ಚರ್ಮ ದಾಟಿ ಸ್ನಾಯುವಿಗೆ ಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ, ಸಿಗುವ ಹಿತವೆಲ್ಲ ಬಿಸಿನೀರಿನದು. ತಣ್ಣೀರಿನ ಸ್ನಾನವೂ ನೋವನ್ನು ಸ್ವಲ್ಪ ಇಳಿಸುತ್ತದೆ. 10ರಿಂದ 15 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲಿಡುವುದು ರೂಢಿ, ಆದರೆ ಅದು ಹೆಚ್ಚು ಉಪಯೋಗಕ್ಕೆ ಬರುವುದು ಶ್ರಮ ಮುಗಿದ ಕೂಡಲೇ. ಎರಡು ದಿನ ಕಳೆದ ಮೇಲೆ ಐಸ್ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ.

ಮಾತ್ರೆಯ ಪಟ್ಟಿಯ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕಾಗಿದೆ. ಐಬುಪ್ರೊಫೇನ್, ಡೈಕ್ಲೊಫೆನಾಕ್ ಮೊದಲಾದ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕಡಿಮೆ ಮಾಡುತ್ತವೆ. ಬೆವರು ಸುರಿದು ದೇಹದಲ್ಲಿ ನೀರು ಕಡಿಮೆಯಾಗಿರುವಾಗ, ಮುರಿದ ಸ್ನಾಯುವಿನ ಪದಾರ್ಥಗಳನ್ನು ಮೂತ್ರಪಿಂಡ ಸೋಸುತ್ತಿರುವಾಗ ಅವನ್ನು ದಿನಕ್ಕೆ ಮೂರರಂತೆ ನುಂಗುವುದು ಅಪಾಯ. ಹೊಟ್ಟೆ ಹುಣ್ಣು, ಆಸ್ತಮಾ, ರಕ್ತದೊತ್ತಡ ಇರುವವರಿಗಂತೂ ವೈದ್ಯರ ಮಾತಿಲ್ಲದೆ ಅವು ಬೇಡವೇ ಬೇಡ. ರಾತ್ರಿ ನಿದ್ದೆ ಬಾರದಷ್ಟು ನೋವಿದ್ದರೆ ವೈದ್ಯರನ್ನು ಕೇಳಿ ಒಂದು ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಔಷಧಿ ಅಂಗಡಿಯ ಮುಂದೆ ನಿಂತು ನೋವಿನ ಮಾತ್ರೆ ಕೇಳುವ ಪದ್ಧತಿ ನಮ್ಮಲ್ಲಿ ಹೋಗಬೇಕೆಂಬುದು ನನ್ನ ಬಹಳ ದಿನಗಳ ಹಂಬಲ.

ಊಟದಲ್ಲಿ ವಿಶೇಷವೇನೂ ಬೇಡ, ಕೊರತೆಯಾಗಬಾರದು ಅಷ್ಟೇ. ಹುರುಳಿಕಾಳಿನ ಸಾರು, ಮೊಸರು, ತಿನ್ನುವವರಾದರೆ ಮೊಟ್ಟೆ, ಇವು ದುರಸ್ತಿಗೆ ಬೇಕಾದ ಸಸಾರಜನಕವನ್ನು ಒದಗಿಸುತ್ತವೆ. ನೂರು ಗ್ರಾಂ ಒಣ ಹುರುಳಿಯಲ್ಲಿ ಸುಮಾರು 22 ಗ್ರಾಂ ಸಸಾರಜನಕವಿದೆ. ನಿಂಬೆ ಪಾನಕ ನೀರಿನ ಕೊರತೆಯನ್ನು ನೀಗಿಸುತ್ತದೆ, ಅದನ್ನು ಕುಡಿಯಿರಿ.

ಕೊನೆಯದಾಗಿ, ಇದು ಸಾಮಾನ್ಯ ನೋವೇ ಎಂದು ಖಚಿತಪಡಿಸಿಕೊಳ್ಳಲು ಒಂದಿಷ್ಟು ಪರೀಕ್ಷಿಸಿ ನೋಡಿ. ನೋವು ಎರಡೂ ಕಾಲುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಇರಬೇಕು, ಸ್ನಾಯುವಿನ ಉದ್ದಕ್ಕೂ ಹರಡಿರಬೇಕು. ಒಂದೇ ಕಾಲಿನ ಮೀನಖಂಡ ಊದಿಕೊಂಡು, ಬಿಸಿಯಾಗಿ, ಕೆಂಪಾಗಿದ್ದರೆ ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ಲಕ್ಷಣವಾಗಿರಬಹುದು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದವರು ಇದನ್ನು ಅಲಕ್ಷಿಸಬಾರದು. ಮೂಳೆಯ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಬಿಂದುವಿನಲ್ಲಿ ನೋವಿದ್ದರೆ, ಮಂಡಿಯೇ ಊದಿದ್ದರೆ, ಮೂತ್ರದ ಬಣ್ಣ ಗಾಢವಾಗಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.


ಉತ್ತರ 3 (ದಾವಣಗೆರೆಯಿಂದ)

ಮೇಡಂ ಅವರು ಕೊನೆಯಲ್ಲಿ ಬರೆದ ಮೂತ್ರದ ಬಣ್ಣದ ಮಾತನ್ನು ಯಾರೂ ಓದಿ ಮುಂದೆ ಹೋಗಬಾರದೆಂದು ನನ್ನ ಅನುಭವವನ್ನು ಬರೆಯುತ್ತಿದ್ದೇನೆ.

ನಾನು 27 ವರ್ಷದವನಿದ್ದಾಗ, ನಾಲ್ಕು ವರ್ಷ ವ್ಯಾಯಾಮವನ್ನೇ ಬಿಟ್ಟಿದ್ದವನು ಒಂದು ಜಿಮ್‌ಗೆ ಸೇರಿದೆ. ಮೊದಲ ದಿನವೇ ತರಬೇತುದಾರರು ಹತ್ತಿಪ್ಪತ್ತು ಎಂದು ಎಣಿಸುತ್ತಾ ಎಣಿಸುತ್ತಾ ಇನ್ನೂರು ಬಸ್ಕಿ ಹೊಡೆಸಿದರು. ಬೇಸಿಗೆಯ ದಿನ, ಫ್ಯಾನ್ ಸಹ ಸರಿಯಾಗಿ ತಿರುಗದ ಕೋಣೆ. ನೂರರ ನಂತರ ನನ್ನ ಕಾಲು ನನ್ನದಲ್ಲ ಎನ್ನಿಸುತ್ತಿತ್ತು, ಆದರೂ ಎಲ್ಲರೆದುರು ನಿಲ್ಲಿಸಲು ಮನಸ್ಸು ಒಪ್ಪಲಿಲ್ಲ. ಎರಡನೆಯ ದಿನ ನಿಮ್ಮ ಹಾಗೆಯೇ ನೋವು. ನನಗೂ ಎಲ್ಲರೂ ಸಹಜವೆಂದೇ ಹೇಳಿದರು. ಮೂರನೆಯ ದಿನ ಬೆಳಿಗ್ಗೆ ತೊಡೆಗಳು ಪ್ಯಾಂಟಿನೊಳಗೆ ಹೋಗದಷ್ಟು ಊದಿದ್ದವು, ಹಾಸಿಗೆಯಿಂದ ಕಾಲನ್ನು ಎತ್ತಿಡಲು ಕೈಯ ಸಹಾಯ ಬೇಕಾಯಿತು, ಮೂತ್ರ ಕಾಫಿ ಡಿಕಾಕ್ಷನ್‌ನ ಬಣ್ಣಕ್ಕೆ ತಿರುಗಿತ್ತು. ನೀರು ಕಡಿಮೆ ಕುಡಿದಿದ್ದಕ್ಕೆ ಹೀಗಾಗಿರಬೇಕು ಎಂದುಕೊಂಡು ಒಂದು ಇಡೀ ದಿನವನ್ನು ಕಳೆದೆ. ಆ ದಿನವನ್ನು ನೆನೆದರೆ ಈಗಲೂ ನನಗೆ ನಡುಕ ಬರುತ್ತದೆ.

ಸಂಜೆ ವಾಂತಿ ಶುರುವಾದ ಮೇಲೆ ಅಣ್ಣ ಆಸ್ಪತ್ರೆಗೆ ಕರೆದೊಯ್ದರು. ರಕ್ತ ಪರೀಕ್ಷೆಯಲ್ಲಿ ಸ್ನಾಯು ಒಡೆದಾಗ ರಕ್ತಕ್ಕೆ ಸೇರುವ ಕ್ರಿಯಾಟಿನ್ ಕೈನೇಸ್ ಎಂಬ ಅಂಶ ಸಾವಿರಗಳ ಲೆಕ್ಕ ದಾಟಿ ಹತ್ತು ಸಾವಿರಗಳ ಲೆಕ್ಕಕ್ಕೆ ಹೋಗಿತ್ತು. ಸಾಮಾನ್ಯರಲ್ಲಿ ಅದು ಇನ್ನೂರರ ಆಸುಪಾಸಿನೊಳಗೆ ಇರುತ್ತದೆಯಂತೆ. ಸ್ನಾಯುವಿನ ಎಳೆಗಳು ಲೆಕ್ಕವಿಲ್ಲದಷ್ಟು ಒಡೆದು, ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡದ ಸೂಕ್ಷ್ಮ ನಾಳಗಳನ್ನು ಕಟ್ಟಿಹಾಕುವ ಸ್ಥಿತಿ ಇದು, ಇದಕ್ಕೆ ರ‍್ಯಾಬ್ಡೊಮಯೊಲಿಸಿಸ್ ಎನ್ನುತ್ತಾರೆ ಎಂದು ವೈದ್ಯರು ಬಿಡಿಸಿ ಹೇಳಿದರು. ಐದು ದಿನ ಹಗಲು ರಾತ್ರಿ ಸಲೈನ್ ಹಾಕಿದರು. ಪುಣ್ಯಕ್ಕೆ ಡಯಾಲಿಸಿಸ್ ತನಕ ಹೋಗಲಿಲ್ಲ. ಮೊದಲನೆಯ ರಾತ್ರಿ ನಾನು ಎರಡು ನೋವಿನ ಮಾತ್ರೆ ತೆಗೆದುಕೊಂಡಿದ್ದೆ ಎಂದಾಗ ವೈದ್ಯರ ಮುಖದಲ್ಲಿ ಮೂಡಿದ ಕಳವಳವನ್ನು ನಾನು ಮರೆತಿಲ್ಲ.

ಆದ್ದರಿಂದ ಪ್ರಶ್ನೆ ಕೇಳಿದವರಲ್ಲಿ ನನ್ನ ಕೋರಿಕೆ ಒಂದೇ. ಇನ್ನೂ ಮೂರು ದಿನ ಪ್ರತಿ ಸಲವೂ ಮೂತ್ರದ ಬಣ್ಣವನ್ನು ಗಮನಿಸಿ. ತಿಳಿ ಹಳದಿಯಾಗಿದ್ದರೆ ನೆಮ್ಮದಿಯಿಂದಿರಿ. ಕಷಾಯದ ಬಣ್ಣಕ್ಕೆ ತಿರುಗಿದರೆ, ಅಥವಾ ದಿನದಿಂದ ದಿನಕ್ಕೆ ನೋವು ಇಳಿಯುವ ಬದಲು ಏರುತ್ತಾ ಕಾಲಿನ ಶಕ್ತಿಯೇ ಹೋದಂತಾದರೆ, ಬೆಳಗಾಗಲಿ ಎಂದು ಕಾಯಬೇಡಿ.


ಉತ್ತರ 4 (ಮೈಸೂರಿನಿಂದ)

ನಮಸ್ಕಾರ. ನನಗೀಗ 64 ವರ್ಷ. ಹದಿಮೂರನೆಯ ವಯಸ್ಸಿನಿಂದ ನಮ್ಮ ಮೊಹಲ್ಲಾದ ಗರಡಿಯಲ್ಲಿ ಸಾಮು ಮಾಡಿದವನು, ದಸರಾ ಕುಸ್ತಿಯಲ್ಲಿಯೂ ಕೆಲವು ವರ್ಷ ಅಖಾಡಕ್ಕೆ ಇಳಿದವನು. ದಾವಣಗೆರೆಯ ತಮ್ಮ ಬರೆದದ್ದನ್ನು ಓದಿ ಮನಸ್ಸಿಗೆ ಬಹಳ ನೋವಾಯಿತು. ನಮ್ಮ ಉಸ್ತಾದರು ಹೊಸ ಹುಡುಗರಿಗೆ ಮೊದಲ ದಿನ ಹತ್ತು ಬಸ್ಕಿಯ ಮೇಲೆ ಒಂದನ್ನೂ ಹೊಡೆಯಲು ಬಿಡುತ್ತಿರಲಿಲ್ಲ. ಹನ್ನೊಂದನೆಯದಕ್ಕೆ ಇಳಿದರೆ ಭುಜ ಹಿಡಿದು ನಿಲ್ಲಿಸುತ್ತಿದ್ದರು. ಮರುದಿನ ಹತ್ತೇ, ಅದರ ಮರುದಿನ ಹನ್ನೆರಡು. ಹೀಗೆ ವರ್ಷ ತುಂಬುವಷ್ಟರಲ್ಲಿ ಐನೂರು ಹೊಡೆಯುವ ಹುಡುಗರು ತಯಾರಾಗುತ್ತಿದ್ದರು, ಯಾರೂ ನೋವಿನಿಂದ ಮಲಗಿದ್ದು ನನಗೆ ನೆನಪಿಲ್ಲ.

ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ಮಾಲೀಸು ಮಾಡುವುದು ಗರಡಿಯ ನಿಯಮವಾಗಿತ್ತು. ಉಸ್ತಾದರು ಬಂದು ಅಂಗೈಯನ್ನು ತೊಡೆಯ ಮೇಲಿಟ್ಟು ಒತ್ತಿ ನಮ್ಮ ಮುಖ ನೋಡುತ್ತಿದ್ದರು. ಅಂಗೈಯಗಲ ನೋವಿದೆ ಎಂದರೆ ಎಣ್ಣೆ ಹಾಕಿ ನೀವಲು ಹೇಳುತ್ತಿದ್ದರು. ಬೆರಳ ತುದಿಯಷ್ಟು ಜಾಗದಲ್ಲಿ ಚುಚ್ಚುತ್ತಿದೆ ಎಂದರೆ ಎಂಟು ದಿನ ಗರಡಿಗೆ ಬರಬೇಡ ಎನ್ನುತ್ತಿದ್ದರು. ಡಾಕ್ಟರ್ ಅಮ್ಮನವರು ಬರೆದ ಪರೀಕ್ಷೆಯೂ ಹೆಚ್ಚುಕಡಿಮೆ ಇದೇ ಆಗಿರುವುದನ್ನು ಕಂಡು ನನಗೆ ಸಂತೋಷವಾಯಿತು.

ಇನ್ನು ಚಾಮುಂಡಿ ಬೆಟ್ಟದ ಮಾತು. ನಾನು ಈಗಲೂ ವಾರಕ್ಕೊಮ್ಮೆ ಹತ್ತುತ್ತೇನೆ. ಸುಮಾರು ಸಾವಿರ ಮೆಟ್ಟಿಲುಗಳಿವೆ, ಏಳುನೂರರ ಸುಮಾರಿಗೆ ದೊಡ್ಡ ನಂದಿ ಸಿಗುತ್ತದೆ. ಆರಂಭದ ಮೆಟ್ಟಿಲುಗಳೇ ಹೆಚ್ಚು ಕಡಿದು, ಅಲ್ಲಿ ಅವಸರ ಮಾಡದೆ, ನಂದಿಯ ಹತ್ತಿರ ಕುಳಿತು, ಬೆವರು ಆರಿದ ಮೇಲೆ ಮುಂದೆ ಹೋಗಿ. ತಾಯಿಯವರದು ಬರೀ ಹತ್ತುವ ಹರಕೆಯೋ, ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆಯೋ ನೀವು ಬರೆದಿಲ್ಲ. ಹಚ್ಚುವ ಹರಕೆಯಾದರೆ ಸಾವಿರ ಸಲ ಬಗ್ಗಿ ಏಳಬೇಕಾಗುತ್ತದೆ, ಆಗ ನೋವು ತೊಡೆಯ ಹಿಂಭಾಗಕ್ಕೂ ಸೊಂಟಕ್ಕೂ ಬರುತ್ತದೆ. ಅಂಥವರು ಅರಿಶಿನಕ್ಕೊಬ್ಬರು ಕುಂಕುಮಕ್ಕೊಬ್ಬರು ಎಂದು ಮನೆಯವರು ಹಂಚಿಕೊಂಡು, ನೂರು ಮೆಟ್ಟಿಲಿಗೊಮ್ಮೆ ಕೈ ಬದಲಿಸಿಕೊಂಡು ಹಚ್ಚುವುದನ್ನು ನೋಡಿದ್ದೇನೆ. ಹತ್ತುವುದು ಹರಕೆ, ಇಳಿಯುವುದು ಹರಕೆಯಲ್ಲ. ದರ್ಶನ ಮುಗಿಸಿಕೊಂಡು ಬೆಟ್ಟದ ಮೇಲಿಂದ ನಗರ ಸಾರಿಗೆ ಬಸ್ಸಿನಲ್ಲಿ ಕೆಳಗೆ ಬನ್ನಿ. ಇಳಿದೇ ಬರುವುದಾದರೆ ಮೆಟ್ಟಿಲಿಗೆ ಓರೆಯಾಗಿ ನಿಂತು, ಮಂಡಿಯನ್ನು ಸ್ವಲ್ಪ ಮಡಚಿಕೊಂಡು, ಪಾದವನ್ನು ಸದ್ದಾಗದಂತೆ ಇಡಬೇಕು. ಮೆಟ್ಟಿಲ ಮೇಲೆ ದಪ್ ದಪ್ ಎಂದು ಸದ್ದು ಕೇಳುತ್ತಿದ್ದರೆ ತೊಡೆ ಸೋತಿದೆ, ಭಾರವೆಲ್ಲ ಮಂಡಿಗೆ ಬೀಳುತ್ತಿದೆ ಎಂದು ತಿಳಿಯಿರಿ.


ಪ್ರಶ್ನೆ ಕೇಳಿದವರಿಂದ (ಶನಿವಾರ)

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಉತ್ತರಗಳನ್ನು ಅಮ್ಮನಿಗೂ ಓದಿ ಹೇಳಿದೆ. ಮಾತ್ರೆಯ ಪಟ್ಟಿಯನ್ನು ಅಂಗಡಿಗೆ ಹಿಂತಿರುಗಿಸಿದೆ. ಮೂತ್ರದ ಬಣ್ಣವನ್ನು ಪ್ರತಿ ಸಲವೂ ನೋಡಿಕೊಂಡೆ. ತಿಳಿ ಹಳದಿಯಾಗಿಯೇ ಇದೆ. ಬುಧವಾರ ಮತ್ತು ಗುರುವಾರ ರಾತ್ರಿ ಅಮ್ಮನೇ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹಚ್ಚಿದರು, ಬಿಸಿನೀರಿನ ನಂತರ ಎರಡು ದಿನಗಳಲ್ಲಿ ಮೊದಲ ಬಾರಿಗೆ ಮಗ್ಗುಲು ಬದಲಿಸುವಾಗ ಎಚ್ಚರವಾಗಲಿಲ್ಲ. ಗುರುವಾರ ಸಂಜೆ ಉದ್ಯಾನದಲ್ಲಿ ಒಂದು ಸುತ್ತು ನಡೆದೆ. ನಿನ್ನೆ ಮೆಟ್ಟಿಲುಗಳನ್ನು ಮುಮ್ಮುಖವಾಗಿ ಇಳಿದೆ. ಇವತ್ತು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಊಟ ಮಾಡಿ, ಕೈಯೂರದೆ ಎದ್ದೆ. ಮೀನಖಂಡದಲ್ಲಿ ಒತ್ತಿದರೆ ಸ್ವಲ್ಪ ನೋವು ಉಳಿದಿದೆ.

ಮೈಸೂರಿನ ಹಿರಿಯರಿಗೆ: ಅಮ್ಮನದು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುವ ಹರಕೆಯೇ. ತಾವು ಹೇಳಿದಂತೆ ಹಂಚಿಕೊಳ್ಳಲು ಅವರು ಒಪ್ಪಿದ್ದಾರೆ, ಬಸ್ಸಿನಲ್ಲಿ ಇಳಿಯಲೂ ಒಪ್ಪಿದ್ದಾರೆ.

ಧಾರವಾಡದ ಮೇಡಂ ಅವರಲ್ಲಿ ಎರಡು ಪ್ರಶ್ನೆಗಳು ಉಳಿದಿವೆ. ಈ ಮೂರು ವಾರದಲ್ಲಿ ನಾನು ಏನು ಅಭ್ಯಾಸ ಮಾಡಿದರೆ ಒಳ್ಳೆಯದು? ಅಮ್ಮನಿಗೆ 66 ವರ್ಷ, ಕೊಲೆಸ್ಟರಾಲ್‌ಗೆಂದು ದಿನವೂ ರಾತ್ರಿ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರಿಗೆ ಕಾಲು ನೋವು ಬಂದರೆ ಇದೇ ಉಪಚಾರ ಸಾಕೇ?


ಉತ್ತರ 5 (ಧಾರವಾಡದ ಫಿಸಿಯೋಥೆರಪಿಸ್ಟ್)

ನೀವು ಚೇತರಿಸಿಕೊಂಡದ್ದು ಸಂತೋಷ. ನಿಮಗೊಂದು ಒಳ್ಳೆಯ ಸುದ್ದಿಯಿದೆ: ಒಮ್ಮೆ ಹೀಗೆ ಹರಿದು ಕೂಡಿಕೊಂಡ ಸ್ನಾಯು ಕೆಲವು ವಾರಗಳ ತನಕ ಅದೇ ಬಗೆಯ ಶ್ರಮವನ್ನು ಬಹಳ ಕಡಿಮೆ ನೋವಿನಿಂದ ತಡೆದುಕೊಳ್ಳುತ್ತದೆ. ಹಾಗಾಗಿ ಮೂರು ವಾರಗಳ ನಂತರದ ಸಾವಿರ ಮೆಟ್ಟಿಲು ನಿಮ್ಮ ಕಾಲಿಗೆ ಕುಮಾರ ಪರ್ವತವಾಗುವುದಿಲ್ಲ. ನೋವು ಪೂರ್ತಿ ಹೋದ ಮೇಲೆ, ಒಂದು ದಿನ ಬಿಟ್ಟು ಒಂದು ದಿನ, ಮನೆಯ ಮೆಟ್ಟಿಲುಗಳನ್ನು ಇಳಿಯುವುದನ್ನೇ ಅಭ್ಯಾಸ ಮಾಡಿ. ಒಂದು ಮೆಟ್ಟಿಲಿಗೆ ಮೂರು ಎಣಿಸುವಷ್ಟು ಹೊತ್ತು ತೆಗೆದುಕೊಂಡು ದೇಹವನ್ನು ನಿಧಾನವಾಗಿ ಇಳಿಸಬೇಕು. ಮೊದಲ ವಾರ ಹತ್ತು ಮೆಟ್ಟಿಲುಗಳ ಎರಡು ಸುತ್ತು, ಅನಂತರ ಮೂರು, ನಾಲ್ಕು. ಮುಂದೆ ದೊಡ್ಡ ಚಾರಣಕ್ಕೆ ಹೋಗುವಾಗ ಎರಡು ಊರುಗೋಲುಗಳನ್ನು ತೆಗೆದುಕೊಂಡು ಹೋಗಿ. ವೇಲ್ಸ್‌ನ ಸ್ನೋಡನ್ ಬೆಟ್ಟವನ್ನು ಹತ್ತಿ ಇಳಿದವರನ್ನು ಪರೀಕ್ಷಿಸಿದ ಅಧ್ಯಯನವೊಂದರಲ್ಲಿ, ಕೋಲು ಹಿಡಿದವರಿಗೆ ನಂತರದ ದಿನಗಳಲ್ಲಿ ನೋವೂ ಕಡಿಮೆಯಿತ್ತು, ಕಾಲಿನ ಬಲವೂ ಬೇಗ ಮರಳಿತ್ತು.

ತಾಯಿಯವರ ವಿಷಯದಲ್ಲಿ ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಕೊಲೆಸ್ಟರಾಲ್‌ಗೆ ಕೊಡುವ ಮಾತ್ರೆ ಹೆಚ್ಚಾಗಿ ಸ್ಟ್ಯಾಟಿನ್ ವರ್ಗದ್ದು. ಅದು ಕೆಲವರಲ್ಲಿ ತಾನೇ ಸ್ನಾಯುನೋವನ್ನು ತರುತ್ತದೆ, ಅಪರೂಪಕ್ಕೆ ದಾವಣಗೆರೆಯವರು ಬರೆದಂಥ ಸ್ಥಿತಿಗೂ ಕಾರಣವಾಗುತ್ತದೆ. ಹಾಗೆಂದು ಹರಕೆಯ ದಿನಕ್ಕಾಗಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಅದು ಹೃದಯಕ್ಕೆ ಬೇಕಾದ ಮಾತ್ರೆ. ಬೆಟ್ಟ ಹತ್ತುವ ಮೊದಲೇ ಒಮ್ಮೆ ಅವರ ವೈದ್ಯರಿಗೆ ತೋರಿಸಿ, ಸಾವಿರ ಸಲ ಬಗ್ಗಿ ಏಳುವ ವಿಷಯವನ್ನು ಸ್ಪಷ್ಟವಾಗಿ ಹೇಳಿ. ರಕ್ತದೊತ್ತಡವನ್ನೂ ಅಂದೇ ನೋಡಿಸಿ. ಇವತ್ತಿನಿಂದಲೇ ಅವರನ್ನೂ ನಿಮ್ಮ ಜೊತೆ ಸಂಜೆ ನಡೆಯಲು ಕರೆದುಕೊಂಡು ಹೋಗಿ. ಕುರ್ಚಿಯ ಮೇಲೆ ಕುಳಿತು, ಕೈ ಆಧಾರವಿಲ್ಲದೆ ನಿಧಾನವಾಗಿ ಎದ್ದು ಕೂರುವುದನ್ನು ಐದು ಸಲದಿಂದ ಆರಂಭಿಸಿದರೆ ಅವರ ವಯಸ್ಸಿಗೆ ಸಾಕು. ವೈದ್ಯರು ಏನು ಹೇಳಿದರೆಂಬುದನ್ನು ಇಲ್ಲಿ ಬರೆಯಿರಿ, ಅದಕ್ಕೆ ತಕ್ಕಂತೆ ಮುಂದಿನ ಎರಡು ವಾರದ ಅಭ್ಯಾಸವನ್ನು ತಿಳಿಸುತ್ತೇನೆ.